ಮ್ಯಾಕ್ ಆಪ್ ಹಂಚುವ ಮೊದಲು: ಸಹಿ, ನೋಟರೈಸ್, ಸ್ಟೇಪಲ್

ಮ್ಯಾಕ್ ಆಪ್ ಒಂದನ್ನು ಆಪ್ ಸ್ಟೋರ್‌ಗೆ ಹಾಕದೆ ನಿಮ್ಮದೇ ವೆಬ್‌ಸೈಟಿನಿಂದ ಕೊಡಬೇಕೇ? ಹಾಗಾದರೆ ಇಳಿಸಿಕೊಂಡ ಆಪ್ ತೆರೆಯುವಾಗ ತಪಾಸಣೆ ಮಾಡುವ ಮ್ಯಾಕ್‌ನ ಗೇಟ್‌ಕೀಪರ್ ದಾಟಲೇಬೇಕು. 2012ರಿಂದ ಇರುವ ಈ ಕಾವಲಿಗೆ 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದ ಬರೀ ಡೆವಲಪರ್‌ನ ಡಿಜಿಟಲ್ ಸಹಿ ಸಾಲದು, ಆಪಲ್‌ನ ನೋಟರೈಸೇಶನ್ (ಆಪಲ್ ಪರೀಕ್ಷಿಸಿ ಕೊಡುವ ಒಪ್ಪಿಗೆ) ಕೂಡ ಬೇಕು. ಮೊದಲೆಲ್ಲ ಇವಿಲ್ಲದ ಆಪ್ ಮೇಲೂ ರೈಟ್ ಕ್ಲಿಕ್ ಮಾಡಿ 'ಓಪನ್' ಒತ್ತಿದರೆ ಆಗುತ್ತಿತ್ತು. 2024ರ ಸಿಕ್ವೋಯಾದಲ್ಲಿ ಆ ದಾರಿ ಮುಚ್ಚಿತು. ಈಗ ಬಳಕೆದಾರರು ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದವರೆಗೂ ಹೋಗಬೇಕು. ಅವರಿಗೆ ಯಾಕೆ ಆ ತೊಂದರೆ, ಅಲ್ವಾ?

ಮೊದಲು ಆಪಲ್ ಡೆವಲಪರ್ ಪ್ರೋಗ್ರಾಂ ಸೇರಿ. ವರ್ಷಕ್ಕೆ 99 ಡಾಲರ್. ಅಲ್ಲಿ 'ಡೆವಲಪರ್ ಐಡಿ ಅಪ್ಲಿಕೇಶನ್' ಸರ್ಟಿಫಿಕೇಟ್ ಪಡೆಯಿರಿ. ಪಿಕೆಜಿ ಇನ್‌ಸ್ಟಾಲರ್ ಕೊಡುವುದಾದರೆ 'ಡೆವಲಪರ್ ಐಡಿ ಇನ್‌ಸ್ಟಾಲರ್' ಕೂಡ ಬೇಕು. ಸಹಿ ಹಾಕಲು ಬಳಸುವ ಗುಟ್ಟಿನ ಪ್ರೈವೇಟ್ ಕೀಯನ್ನು ದಯವಿಟ್ಟು ಜೋಪಾನ ಮಾಡಿ. ಅದು ಕಳ್ಳರ ಕೈಗೆ ಸಿಕ್ಕರೆ ನಿಮ್ಮ ಹೆಸರಲ್ಲೇ ಮಾಲ್‌ವೇರ್ ಹಂಚುತ್ತಾರೆ.

ಆಮೇಲೆ ಸಹಿ. ಎಡವುವವರು ಇಲ್ಲೇ ಜಾಸ್ತಿ. ಸಹಿಯನ್ನು ಒಳಗಿನಿಂದ ಹೊರಕ್ಕೆ ಹಾಕುತ್ತಾ ಬರಬೇಕು. ಮೊದಲು ಲೈಬ್ರರಿ, ಫ್ರೇಮ್‌ವರ್ಕ್, ಹೆಲ್ಪರ್‌ಗಳಿಗೆ (ಆಪ್ ಒಳಗಿನ ಸಹಾಯಕ ಪ್ರೋಗ್ರಾಂಗಳಿಗೆ). ಇಡೀ ಆಪ್‌ಗೆ ಕೊನೆಯಲ್ಲಿ. ಯಾಕೆಂದರೆ ಹೊರಗಿನ ಸಹಿಯು ಒಳಗಿನ ಫೈಲ್‌ಗಳ ಲೆಕ್ಕವನ್ನೂ ಹಿಡಿದಿರುತ್ತದೆ. ಆಮೇಲೆ ಒಳಗೆ ಏನೇ ಮುಟ್ಟಿದರೂ ಸಹಿ ಕೆಡುತ್ತದೆ. ಕೋಡ್‌ಸೈನ್ ಕಮಾಂಡಿನ 'ಡೀಪ್' ಆಯ್ಕೆ ಒಂದೇ ಏಟಿಗೆ ಎಲ್ಲಕ್ಕೂ ಸಹಿ ಹಾಕುತ್ತದೆ ನಿಜ. ಆದರೆ ಮುಖ್ಯ ಆಪ್‌ನ ಎಂಟೈಟಲ್‌ಮೆಂಟ್‌ಗಳನ್ನೇ (ವಿಶೇಷ ಅನುಮತಿಗಳನ್ನೇ) ಹೆಲ್ಪರ್‌ಗಳಿಗೂ ಹಚ್ಚಿಬಿಡುತ್ತದೆ. ಬೇಡವೇ ಬೇಡ. ಹಾರ್ಡನ್ಡ್ ರನ್‌ಟೈಮ್ (ಓಡುತ್ತಿರುವ ಆಪ್‌ನ ಕೋಡನ್ನು ಯಾರೂ ತಿದ್ದದಂತೆ ಕಾಯುವ ರಕ್ಷಣೆ) ಆನ್ ಇರಲಿ, ಸಹಿಯ ಸಮಯ ತೋರಿಸುವ ಟೈಮ್‌ಸ್ಟ್ಯಾಂಪ್ ಸೇರಿಸಿ. ಟೈಮ್‌ಸ್ಟ್ಯಾಂಪ್ ಇದ್ದರೆ ಸರ್ಟಿಫಿಕೇಟ್ ಅವಧಿ ಮುಗಿದ ಮೇಲೂ ಹಳೆಯ ಆಪ್ ನಡೆಯುತ್ತದೆ. ಡೀಬಗ್ ಮಾಡಲು ಕೊಟ್ಟಿದ್ದ ಅನುಮತಿ ರಿಲೀಸ್ ಬಿಲ್ಡ್‌ನಲ್ಲಿ ಉಳಿದಿದ್ದರೆ ತೆಗೆಯಿರಿ.

ಈಗ ಆಪ್ ಅನ್ನು ಜಿಪ್ ಅಥವಾ ಡಿಎಂಜಿ (ಡಿಸ್ಕ್ ಇಮೇಜ್) ಮಾಡಿ ನೋಟರಿಟೂಲ್ ಕಮಾಂಡ್ ಮೂಲಕ ಆಪಲ್‌ಗೆ ಕಳಿಸಿ. ಇದಕ್ಕೆ ಹಳೆಯ ಆಲ್ಟೂಲ್ ಕಮಾಂಡ್ ಬಳಸುವ ಸ್ಕ್ರಿಪ್ಟ್ ಇದ್ದರೆ ಬದಲಿಸಿ, 2023ರ ನವೆಂಬರ್‌ನಿಂದ ನೋಟರೈಸೇಶನ್‌ಗೆ ಅದು ನಡೆಯುವುದಿಲ್ಲ. ಆಪಲ್‌ನ ಯಂತ್ರಗಳು ಮಾಲ್‌ವೇರ್ ಮತ್ತು ಸಹಿಯ ತಪ್ಪುಗಳನ್ನು ಹುಡುಕುತ್ತವೆ. ಇದು ಆಪ್ ಸ್ಟೋರ್‌ನ ರಿವ್ಯೂ ಅಲ್ಲ, ಆಪ್ ಚೆನ್ನಾಗಿದೆಯೇ ಎಂದು ಯಾರೂ ನೋಡುವುದಿಲ್ಲ. 'ಇನ್‌ವ್ಯಾಲಿಡ್' ಎಂದು ಬಂದರೆ ಸುಮ್ನೆ ಮತ್ತೆ ಮತ್ತೆ ಕಳಿಸಬೇಡಿ. ಲಾಗ್ ತರಿಸಿ ಓದಿ. ಯಾವ ಫೈಲ್, ಏನು ತಪ್ಪು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ ಸ್ಟೇಪ್ಲರ್ ಕಮಾಂಡ್ ಓಡಿಸಿ ಆ ಒಪ್ಪಿಗೆಯ ಟಿಕೆಟ್ ಅನ್ನು ಆಪ್‌ಗೆ ಅಂಟಿಸಿ. ಆಗ ನೆಟ್ ಇಲ್ಲದ ಕಡೆಯೂ ಗೇಟ್‌ಕೀಪರ್ ಅದನ್ನು ಗುರುತಿಸುತ್ತದೆ. ಡಿಎಂಜಿಗೆ ನೇರವಾಗಿ ಅಂಟಿಸಬಹುದು, ಜಿಪ್‌ಗೆ ಆಗದು. ಆಪ್‌ಗೆ ಅಂಟಿಸಿ ಹೊಸದಾಗಿ ಜಿಪ್ ಮಾಡಿ.

ನಿಮ್ಮ ಮ್ಯಾಕ್‌ನಲ್ಲೇ ಬಿಲ್ಡ್ ಆದ ಆಪ್ ತೆರೆದುಕೊಂಡಿತು ಎಂದು ನಂಬಿ ಕೂರಬೇಡಿ. ಗೇಟ್‌ಕೀಪರ್ ತಪಾಸಣೆಗೆ ಕಾರಣವಾಗುವ, 'ನೆಟ್‌ನಿಂದ ಬಂದದ್ದು' ಎಂಬ ಕ್ವಾರಂಟೈನ್ ಗುರುತು ಅದಕ್ಕೆ ಬಿದ್ದಿರುವುದಿಲ್ಲ. ಆ ಗುರುತು ಹಾಕುವುದು ಬ್ರೌಸರ್. ಹಾಗಾಗಿ ಫೈಲನ್ನು ಸೈಟಿಗೆ ಏರಿಸಿ, ಬೇರೆ ಮ್ಯಾಕ್‌ನಲ್ಲಿ ಬ್ರೌಸರ್‌ನಿಂದ ಇಳಿಸಿಕೊಂಡು, ವೈ-ಫೈ ಆಫ್ ಮಾಡಿ ತೆರೆದು ನೋಡಿ.