ಕಿನ್ನಾಳದ ಅಜ್ಜನ ಮಾತು, ಆಡಾಸಿಟಿಯಲ್ಲಿ ಎಡಿಟಿಂಗ್: ನನ್ನ ಅನುಭವ

ನಮ್ಮ ಕೊಪ್ಪಳದ ಕಡೆ ಪಾಡ್‌ಕಾಸ್ಟ್ ಮಾಡೋರಿಗೆ ಮೊದಲ ತೊಂದರೆ ಫ್ಯಾನ್. ಬೇಸಿಗೆಯಲ್ಲಿ ಅದಿಲ್ಲದೆ ಕೂರೋಕಾಗಲ್ಲ, ಅದು ತಿರುಗಿದರೆ ಮಾತಿನ ಹಿಂದೆ ಗುಂಯ್ ಅನ್ನುತ್ತಲೇ ಇರುತ್ತದೆ. ನಾನು ಕಿನ್ನಾಳದಲ್ಲಿ ಗೊಂಬೆ ಮಾಡುವ ಹಿರಿಯರ ಮಾತು ರೆಕಾರ್ಡ್ ಮಾಡಿ ಕಂತು ಕಂತಾಗಿ ಹಾಕುತ್ತಿದ್ದೇನೆ. ಸ್ಟುಡಿಯೋ ಇಲ್ಲ. ಒಂದು ಹಳೆ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕು, ಆಮೇಲೆ ಆಡಾಸಿಟಿ. ಇದು ದನಿ ರೆಕಾರ್ಡ್ ಮಾಡಿ ಎಡಿಟ್ ಮಾಡೋಕೆ 2000ದಿಂದ ಇರುವ ಪುಕ್ಕಟೆ ಸಾಫ್ಟ್‌ವೇರ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಷ್ಟಿದ್ದರೆ ಸಾಕು. ಆದರೆ ಅದರಲ್ಲಿರುವ ಎಲ್ಲ ಎಫೆಕ್ಟುಗಳನ್ನೂ ಒತ್ತುತ್ತಾ ಹೋದರೆ ಮಾತಾಡಿದ ಮನುಷ್ಯನೇ ಕಳೆದುಹೋಗುತ್ತಾನೆ.

ಅರ್ಧ ಕೆಲಸ ಜಾಗ ಆರಿಸುವುದರಲ್ಲೇ ಮುಗಿಯುತ್ತದೆ. ಹೊಸ ಆರ್‌ಸಿಸಿ ಮನೆಯ ಖಾಲಿ ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಆ ಗುಂಗು ಒಮ್ಮೆ ಮಾತಿಗೆ ಸೇರಿಕೊಂಡರೆ ತೆಗೆಯೋದು ಬಹಳ ಕಷ್ಟ. ಹಳೆ ಮಣ್ಣಿನ ಮಾಳಿಗೆ ಮನೆ ಸಿಕ್ಕರೆ ನಾನು ಬೇರೆ ಜಾಗ ಹುಡುಕೋದೇ ಇಲ್ಲ. ಸಿಗದಿದ್ದರೆ ಮನೆಯವರಲ್ಲಿ ಎರಡು ಕೌದಿ ಕೇಳಿ, ಒಂದನ್ನು ಎದುರಿನ ಗೋಡೆಗೆ ಇಳಿಬಿಟ್ಟು ಇನ್ನೊಂದನ್ನು ಮೈಕಿನ ಕೆಳಗೆ ಹಾಸುತ್ತೇನೆ. ಬಿಸಿಲೇರುವ ಮೊದಲೇ, ಬೆಳಿಗ್ಗೆ ಆರೂವರೆ ಏಳಕ್ಕೆಲ್ಲ ಕೂರುತ್ತೇವೆ. ಆಗಲೂ ಅಜ್ಜ ಕೇಳುತ್ತಾರೆ, “ಧಗಿ ಐತಲ್ಲೋ ತಮ್ಮಾ, ಫ್ಯಾನ್ ಹಚ್ಚಲೇನು?” “ಬ್ಯಾಡ ಅಜ್ಜಾರ, ಅದರ ಸಪ್ಪಳ ಬರ್ತೈತಿ” ಅಂದರೆ ಒಪ್ಪುತ್ತಾರೆ. ಕರೆಂಟ್ ಹೋದರೆ ಇನ್ನೂ ಒಳ್ಳೇದು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಪಕ್ಕದ ಕೋಣೆಯ ಫ್ರಿಜ್ ಕೂಡ ಸುಮ್ಮನಾಗಿರುತ್ತದೆ.

ಮೈಕು ಬಾಯಿಂದ ಒಂದು ಗೇಣು ದೂರ ಇರಲಿ, ಸ್ವಲ್ಪ ಓರೆಯಾಗಿ. ಎದುರಿಗೇ ಇಟ್ಟರೆ ಪ, ಫ, ಬ, ಭ ಅಂದಾಗಲೆಲ್ಲ ಗಾಳಿ ಬಡಿದು ಧಪ್ ಅನ್ನುತ್ತದೆ. ದನಿಯ ಮಟ್ಟ ತೋರಿಸುವ ರೆಕಾರ್ಡಿಂಗ್ ಮೀಟರ್ −12ರಿಂದ −6 ಡೆಸಿಬೆಲ್ ನಡುವೆ ಆಡುತ್ತಿರಬೇಕು. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಮಾಡೋದು ಸುಲಭವಲ್ಲ. ಅಜ್ಜಂದಿರು ಮೆಲ್ಲಗೆ ಮಾತಾಡುತ್ತಾ ಒಮ್ಮೆಗೇ ಜೋರಾಗಿ ನಗುತ್ತಾರೆ, ಆ ನಗುವಿಗೂ ಜಾಗ ಬಿಟ್ಟೇ ಲೆವೆಲ್ ಇಡಬೇಕು. ಶುರುವಿನಲ್ಲಿ ಹತ್ತು ಸೆಕೆಂಡ್ ಯಾರೂ ಮಾತಾಡದೆ ಸುಮ್ನೆ ಕೂತು ರೆಕಾರ್ಡ್ ಮಾಡಿಕೊಳ್ಳಿ. ಕೋಣೆಯ ಆ ಮೌನ ಎಡಿಟಿಂಗ್‌ನಲ್ಲಿ ಎರಡು ಕಡೆ ಬೇಕಾಗುತ್ತದೆ.

ಮೊದಲನೆಯದು ನಾಯ್ಸ್ ರಿಡಕ್ಷನ್, ಅಂದರೆ ಹಿಂದಿನ ಗದ್ದಲ ತಗ್ಗಿಸುವ ಎಫೆಕ್ಟ್. ಆ ಮೌನವನ್ನು ಸೆಲೆಕ್ಟ್ ಮಾಡಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿದರೆ ಯಾವುದು ಗದ್ದಲ ಅಂತ ಆಡಾಸಿಟಿಗೆ ಗೊತ್ತಾಗುತ್ತದೆ. ಆಮೇಲೆ ಇಡೀ ಟ್ರ್ಯಾಕ್ ಸೆಲೆಕ್ಟ್ ಮಾಡಿ ಎಫೆಕ್ಟ್ ಹಾಕಬೇಕು. ನಾನು 6ರಿಂದ 9 ಡೆಸಿಬೆಲ್ ಇಡುತ್ತೇನೆ, ಅಷ್ಟೇ. ಜಾಸ್ತಿ ಮಾಡಿದರೆ ಗದ್ದಲ ಪೂರ್ತಿ ಹೋಗುತ್ತದೆ ನಿಜ, ಆದರೆ ದನಿ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಾಗುತ್ತದೆ. ಇದಕ್ಕಿಂತ ಮೊದಲೇ 80 ಹರ್ಟ್ಸ್‌ಗೆ ಒಂದು ಹೈ-ಪಾಸ್ ಫಿಲ್ಟರ್ ಹಾಕಿಬಿಡಿ, ಅದಕ್ಕಿಂತ ಕೆಳಗಿನ ದಪ್ಪ ಸದ್ದನ್ನು ಅದು ತಗ್ಗಿಸುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಅದರಲ್ಲೇ ಬಹಳಷ್ಟು ಇಳಿಯುತ್ತದೆ.

ಈಗ ಟ್ರಂಕೇಟ್ ಸೈಲೆನ್ಸ್. ಅರ್ಧ ಸೆಕೆಂಡಿಗಿಂತ ಉದ್ದದ ಮೌನವನ್ನೆಲ್ಲ ಒಂದೇ ಏಟಿಗೆ ಕತ್ತರಿಸುವ ಎಫೆಕ್ಟ್ ಇದು. ಬಹಳ ಜನ ಮೊದಲು ಒತ್ತೋದೇ ಇದನ್ನು. ಈ ಥರದ ಮಾತಿಗೆ ಇದು ಬೇಡವೇ ಬೇಡ. ಅಜ್ಜ ಗೊಂಬೆಗೆ ಮೆತ್ತುವ ಕಿಟ್ಟ ಮಾಡುವ ರೀತಿ ಹೇಳುತ್ತಿದ್ದರು: ನೆನೆಸಿದ ಸೆಣಬಿನ ಚಿಂದಿಯನ್ನು ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಬೆರೆಸಿ, ಹುಣಸೆ ಬೀಜದ ಅಂಟಿನಲ್ಲಿ ಕಲೆಸಬೇಕು. “ಅಂಟು ಹೆಂಗಿರಬೇಕಂದ್ರ…” ಅಂತ ನಿಲ್ಲಿಸಿ ಎರಡು ಬೆರಳು ಉಜ್ಜಿ ನೋಡಿಕೊಂಡರು. ಮೂರು ನಾಲ್ಕು ಸೆಕೆಂಡ್ ಮಾತಿಲ್ಲ. ಬೆರಳು ಉಜ್ಜುವ ಸಣ್ಣ ಸಪ್ಪಳ, ಒಳಗೆ ಯಾರೋ ಮರಕ್ಕೆ ಅರ ಹಾಕುವ ಸದ್ದು. “…ಹಿಂಗ” ಅಂದರು. ಆ ಮೌನ ಕತ್ತರಿಸಿದರೆ ‘ಹಿಂಗ’ ಅನ್ನೋದಕ್ಕೆ ಅರ್ಥವೇ ಉಳಿಯಲ್ಲ, ಅಲ್ವಾ?

ಹಾಗಾಗಿ ಎಲ್ಲ ಕತ್ತರಿಯೂ ಕೈಯಿಂದಲೇ. ಒಮ್ಮೆ ಪೂರ್ತಿ ಕೇಳುತ್ತಾ, ತೆಗೆಯಬೇಕಾದ ಕಡೆ ಕಂಟ್ರೋಲ್-ಎಂ ಒತ್ತಿ ಲೇಬಲ್ ಹಾಕುತ್ತೇನೆ. ತೆಗೆಯೋದು ಹೆಚ್ಚಾಗಿ ನನ್ನದೇ “ಹಾಂ, ಹೌದ್ರಿ” ಗಳನ್ನು, ಬೈಕ್ ಹೋದದ್ದನ್ನು, ಎರಡು ಸಲ ಬಂದ ಮಾತನ್ನು. ಮುಂದಿನ ವಾಕ್ಯಕ್ಕೆ ಮೊದಲು ಅವರು ಎಳೆದುಕೊಂಡ ಉಸಿರನ್ನು ಉಳಿಸಬೇಕು, ಅದು ಹೋದರೆ ಮಾತು ಎಗರಿ ಬಿದ್ದ ಹಾಗೆ ಕೇಳಿಸುತ್ತದೆ. ಕೋಣೆಯ ಮೌನ ಬೇಕಾಗುವ ಎರಡನೇ ಕಡೆ ಇದೇ: ತೆಗೆದ ಜಾಗದಲ್ಲಿ ಬಿಡುವು ಬೇಕಾದರೆ ಶುರುವಿನ ಆ ಹತ್ತು ಸೆಕೆಂಡಿನಿಂದ ಒಂದು ತುಂಡು ಅಂಟಿಸಿ. ಬರೀ ನಿಶ್ಶಬ್ದ ತುಂಬಿದರೆ ಕೇಳುವವರಿಗೆ ಫೋನೇ ಬಂದ್ ಆಯಿತೇನೋ ಅನಿಸುತ್ತದೆ.

ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್, ಅಂದರೆ ಇಡೀ ಕಂತಿನ ಜೋರನ್ನು ಒಂದು ಗೊತ್ತಾದ ಮಟ್ಟಕ್ಕೆ ತರೋದು. ಪಾಡ್‌ಕಾಸ್ಟ್‌ಗೆ ಸ್ಟೀರಿಯೋ (ಎರಡು ಚಾನೆಲ್) ಆದರೆ −16, ಮೋನೋ (ಒಂದೇ ಚಾನೆಲ್) ಆದರೆ −19 ಎಲ್‌ಯುಎಫ್‌ಎಸ್ ಇಡೋದು ವಾಡಿಕೆ, ಎಲ್‌ಯುಎಫ್‌ಎಸ್ ಅಂದರೆ ಕಿವಿಗೆ ಕೇಳಿಸುವ ಜೋರಿನ ಅಳತೆ. ಮಾತಿಗೆ ಮೋನೋ ಸಾಕು. ಎಂಪಿ3ಯನ್ನು 64 ಕೆಬಿಪಿಎಸ್‌ನಲ್ಲಿ ತೆಗೆದರೆ ಅರ್ಧ ಗಂಟೆಯ ಕಂತು ಸುಮಾರು 14 ಎಂಬಿ ಆಗುತ್ತದೆ, ದಿನದ ಡೇಟಾ ನೋಡಿಕೊಂಡು ಕೇಳುವವರಿಗೂ ಭಾರ ಆಗಲ್ಲ. ಹಾಕುವ ಮೊದಲು ಹೆಡ್‌ಫೋನ್ ತೆಗೆದಿಟ್ಟು ಫೋನಿನ ಸ್ಪೀಕರ್‌ನಲ್ಲೇ ಒಮ್ಮೆ ಕೇಳಿ, ಊರಲ್ಲಿ ಬಹಳ ಜನ ಕೇಳೋದು ಹಾಗೇ.

ಕಂತು ಹಾಕಿ ಆಯಿತು ಅಂತ ಮೂಲ ರೆಕಾರ್ಡಿಂಗ್ ಅಳಿಸಬೇಡಿ. 16 ಬಿಟ್ ಮೋನೋ ವೇವ್ ಫೈಲ್ ಗಂಟೆಗೆ ಸುಮಾರು 320 ಎಂಬಿ, ಅಷ್ಟೇ. ನಾನು ಪ್ರತಿಯೊಂದನ್ನೂ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಡುತ್ತೇನೆ, ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಅಜ್ಜನ ಮನೆಯವರಿಗೂ ಕೊಡುತ್ತೇನೆ.