ಕಂಪನಿ ಪಾರ್ಟೇ ಬೇಕಾ, ಹೊರಗಿನದು ಸಾಕಾ?

"ಕಂಪನಿದೇ ಹಾಕಲಾ ಸರ್, ಹೊರಗಿನದು ಹಾಕಲಾ?" ಕಾರನ್ನು ಗ್ಯಾರೇಜಿಗೆ ಬಿಟ್ಟವರೆಲ್ಲ ಒಂದಲ್ಲ ಒಂದು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಹೆಚ್ಚಿನವರು ಬೆಲೆ ಕೇಳಿ, ಮೆಕ್ಯಾನಿಕ್ ಮುಖ ನೋಡಿ, ಏನೋ ಒಂದು ಹೇಳಿಬಿಡುತ್ತಾರೆ. ಕೆಲವರದು ಎಲ್ಲವೂ ಕಂಪನಿಯದೇ ಆಗಬೇಕೆಂಬ ಹಟ. ಇನ್ನು ಕೆಲವರದು ಎಲ್ಲ ಒಂದೇ, ಡಬ್ಬ ಮಾತ್ರ ಬೇರೆ ಎಂಬ ವಾದ. ಎರಡೂ ಅರ್ಧ ಸರಿ. ಏರ್ ಫಿಲ್ಟರ್‌ಗೂ ಏರ್‌ಬ್ಯಾಗ್‌ಗೂ ಒಂದೇ ನಿಯಮ ಹೇಗೆ ಹೊಂದುತ್ತದೆ? ಒಂದೊಂದು ಪಾರ್ಟಿಗೂ ಲೆಕ್ಕ ಬೇರೆ. ಆ ಲೆಕ್ಕ ಹಾಕುವುದು ಕಷ್ಟವೇನಲ್ಲ.

ಹೆಜ್ಜೆ 1: ಮಾಡಿದವರು ಯಾರು ನೋಡಿ

ಕಾರು ಕಂಪನಿ ತನ್ನ ಕಾರಿನ ಎಲ್ಲ ಪಾರ್ಟುಗಳನ್ನೂ ತಾನೇ ಮಾಡುವುದಿಲ್ಲ. ಸ್ಪಾರ್ಕ್ ಪ್ಲಗ್ ಎನ್‌ಜಿಕೆ ಅಥವಾ ಡೆನ್ಸೊದಿಂದ ಬಂದಿರಬಹುದು, ಫಿಲ್ಟರ್ ಮಾಲೆ ಅಥವಾ ಮಾನ್ ಕಂಪನಿಯದಿರಬಹುದು, ಕ್ಲಚ್ ವ್ಯಾಲಿಯೊದ್ದು, ಸೆನ್ಸರ್ ಬಾಷ್‌ನದ್ದು. ಇವೇ ಪಾರ್ಟುಗಳು ಕಾರು ಕಂಪನಿಯ ಡಬ್ಬದಲ್ಲಿ ಬಂದರೆ "ಜೆನ್ಯೂನ್" ಎನ್ನಿಸಿಕೊಳ್ಳುತ್ತವೆ. ತಯಾರಕರ ಸ್ವಂತ ಡಬ್ಬದಲ್ಲಿ ಬಂದರೆ ಒಇಎಂ ಎನ್ನುತ್ತಾರೆ. ಅದರ ಬೆಲೆ ಸಾಮಾನ್ಯವಾಗಿ ಕಡಿಮೆ. ಕೆಲವು ಸಲ ಡಬ್ಬ ಬಿಚ್ಚಿದರೆ ಕಾರು ಕಂಪನಿಯ ಲೋಗೊ ಇದ್ದ ಜಾಗವನ್ನು ಉಜ್ಜಿ ಅಳಿಸಿದ ಗುರುತು ಕೂಡ ಕಾಣುತ್ತದೆ.

ಮೂರನೆಯ ಗುಂಪು ಆಫ್ಟರ್‌ಮಾರ್ಕೆಟ್. ಆ ಕಾರಿಗೆ ಹೊಸದರಲ್ಲಿ ಪಾರ್ಟು ಕೊಡದ ಕಂಪನಿ, ಅಳತೆ ನೋಡಿ ಹೊಂದುವಂತೆ ಮಾಡಿದ್ದು. ಇದರಲ್ಲಿ ತುಂಬ ಒಳ್ಳೆಯದೂ ಇದೆ, ಕೈಗೆತ್ತಿಕೊಂಡರೇ ಗೊತ್ತಾಗುವಷ್ಟು ಕಳಪೆಯೂ ಇದೆ. ನಾಲ್ಕನೆಯದು ಡೂಪ್ಲಿಕೇಟ್, ಅಂದರೆ ಬೇರೆಯವರ ಹೆಸರು ಕದ್ದು ಮಾಡಿದ ನಕಲಿ. ಜನ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ "ಲೋಕಲ್" ಎಂದುಬಿಡುತ್ತಾರೆ. ಅದು ತಪ್ಪು. ತನ್ನದೇ ಹೆಸರು ಹಾಕಿಕೊಂಡು ಮಾರುವವನು ನಾಳೆ ದೂರಿಗೆ ಉತ್ತರ ಕೊಡಬೇಕಾಗುತ್ತದೆ. ನಕಲಿ ಮಾಡುವವನಿಗೆ ಆ ಚಿಂತೆಯೇ ಇಲ್ಲ.

ಒಂದು ಎಚ್ಚರಿಕೆ. ಒಳ್ಳೆಯ ಹೆಸರಿನ ತಯಾರಕರೂ ಕೆಲವು ಸಲ ಎರಡು ದರ್ಜೆಯ ಮಾಲು ಮಾರುತ್ತಾರೆ. ಹಾಗಾಗಿ ಹೆಸರು ನೋಡಿದರೆ ಸಾಲದು, ನಂಬರ್ ನೋಡಬೇಕು.

ಹೆಜ್ಜೆ 2: ಪಾರ್ಟ್ ನಂಬರ್ ಹಿಡಿಯಿರಿ

ಅಂಗಡಿಗೆ ಹೋಗಿ ಮಾಡೆಲ್ ಹೆಸರು, ವರ್ಷ ಹೇಳಿದರೆ ಸಾಕು ಅಂದುಕೊಳ್ಳುತ್ತೇವೆ ಅಲ್ವಾ? ಸಾಲದು. ಒಂದೇ ಮಾಡೆಲ್, ಒಂದೇ ವರ್ಷ, ಆದರೂ ಎರಡು ಅಳತೆಯ ಬ್ರೇಕ್ ಡಿಸ್ಕ್ ಇರುವ ಕಾರುಗಳಿವೆ. ನಿಮ್ಮ ಕಾರಿನ ವಿನ್ ನಂಬರ್, ಅಂದರೆ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಕೊಡಿ. ಅದರಿಂದ ಕಾರು ಕಂಪನಿಯ ಪಾರ್ಟ್ ನಂಬರ್ ಸಿಗುತ್ತದೆ. ಆ ನಂಬರನ್ನು ಬಾಷ್, ಮಾಲೆಯಂಥವರ ಕ್ಯಾಟಲಾಗಿನಲ್ಲಿ ಹುಡುಕಿದರೆ ಅವರ ಸಮಾನ ನಂಬರ್ ಬರುತ್ತದೆ. ಹಳೆಯ ನಂಬರ್ ನಿಂತುಹೋಗಿ ಅದರ ಬದಲು ಹೊಸದು ಬಂದಿರುವುದೂ ಉಂಟು. ಅದನ್ನೂ ಕೇಳಿ ನೋಡಿ.

ಹೆಜ್ಜೆ 3: ಇದು ಕೈಕೊಟ್ಟರೆ ಏನಾಗುತ್ತದೆ?

ಬೆಲೆಗೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ "ಸ್ವಲ್ಪ ಕಿರಿಕಿರಿ" ಎಂದಾದರೆ ಹೊರಗಿನದು ಧಾರಾಳವಾಗಿ ಹಾಕಿ. ವೈಪರ್ ಬ್ಲೇಡ್, ಎಸಿಯ ಕ್ಯಾಬಿನ್ ಫಿಲ್ಟರ್, ಮ್ಯಾಟು ಇವಕ್ಕೆಲ್ಲ ಕಂಪನಿ ಡಬ್ಬಕ್ಕೆ ಜಾಸ್ತಿ ಕೊಡುವುದು ಸುಮ್ನೆ ಖರ್ಚು. ಕ್ಯಾಬಿನ್ ಫಿಲ್ಟರ್‌ನಲ್ಲಿ ಇದ್ದಿಲು ಪದರ ಇರುವುದು ಹೊರಗಡೆ ಸಿಗುತ್ತದೆ. ನಿಮ್ಮ ಕಾರಿಗೆ ಕಂಪನಿ ಹಾಕಿದ್ದು ಬರೀ ಧೂಳು ಹಿಡಿಯುವ ಫಿಲ್ಟರ್ ಆಗಿದ್ದರೆ, ಹೊರಗಿನದೇ ಒಂದು ಕೈ ಮೇಲು.

ಏರ್ ಫಿಲ್ಟರ್ ಕೂಡ ಇದೇ ಗುಂಪು. ಆದರೆ ತೊಳೆದು ಮತ್ತೆ ಬಳಸುವ, ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್ ಬಗ್ಗೆ ಹುಷಾರು. ಎಣ್ಣೆ ಹೆಚ್ಚಾದರೆ ಅದು ಮುಂದೆ ಹೋಗಿ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂರುತ್ತದೆ.

ಉತ್ತರ "ಎಂಜಿನ್ ಹೋಗುತ್ತದೆ" ಎಂದಾದರೆ ಕಂಪನಿಯದು ಅಥವಾ ಒಇಎಂ, ಇವೆರಡೇ. ಟೈಮಿಂಗ್ ಬೆಲ್ಟ್ ಅಂಥದ್ದು. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಬೆಲ್ಟ್ ಒಂದನ್ನೇ ಬದಲಿಸದೆ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಇರುವ ಪೂರ್ತಿ ಕಿಟ್ ತೆಗೆದುಕೊಳ್ಳಿ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್ ಆಗಿದ್ದರೆ ಪಂಪೂ ಜೊತೆಯಲ್ಲೇ ಬದಲಾಗಲಿ. ಮತ್ತೆ ಬಿಚ್ಚಿಸುವ ಕೂಲಿ ಉಳಿಯುತ್ತದೆ.

ಆಯಿಲ್ ಫಿಲ್ಟರ್ ಚಿಕ್ಕದು, ಅಗ್ಗದ್ದು. ಅದಕ್ಕೇ ಜನ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಹಲವು ಫಿಲ್ಟರ್‌ಗಳ ಒಳಗೆ ಎರಡು ವಾಲ್ವ್ ಇರುತ್ತವೆ. ಒಂದು, ಎಂಜಿನ್ ನಿಲ್ಲಿಸಿದಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುತ್ತದೆ. ಇನ್ನೊಂದು, ಫಿಲ್ಟರ್ ಕಟ್ಟಿಕೊಂಡಾಗ ಆಯಿಲ್‌ಗೆ ಬೇರೆ ದಾರಿ ಬಿಡುತ್ತದೆ. ಅಗ್ಗದ ಫಿಲ್ಟರ್‌ನ ಮೊದಲ ವಾಲ್ವ್ ಬೇಗ ಗಟ್ಟಿಯಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಕೆಲವು ಕ್ಷಣ ಆಯಿಲ್ ಇಲ್ಲದೆ ತಿರುಗುತ್ತದೆ. ಆಗ ಒಂದು ಥರ ಕಟಕಟ ಸದ್ದು ಬರುತ್ತದೆ. ಹೆಸರಿರುವ ಫಿಲ್ಟರ್ ಹಾಕಿದರೆ ಸಾಕು, ಕಂಪನಿಯದೇ ಬೇಕೆಂದಿಲ್ಲ.

ಸ್ಪಾರ್ಕ್ ಪ್ಲಗ್‌ನಲ್ಲಿ ತಯಾರಕರನ್ನು ಬದಲಿಸುವುದಾದರೆ ಶಾಖದ ನಂಬರ್ ನೋಡಿಕೊಳ್ಳಿ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ನಂಬರ್ ಏರಿದಂತೆ ಪ್ಲಗ್ ತಣ್ಣಗಿನದು, ಅಂದರೆ ಶಾಖವನ್ನು ಬೇಗ ಹೊರಹಾಕುವಂಥದ್ದು. ಬಾಷ್‌ನಲ್ಲಿ ನಂಬರ್ ಏರಿದಂತೆ ಬಿಸಿಯದು. ಉಲ್ಟಾ! ಅಂದಾಜಿನಲ್ಲಿ ಆರಿಸುವ ವಸ್ತು ಅಲ್ಲ ಇದು. ಕ್ಯಾಟಲಾಗಿನ ಸಮಾನ ನಂಬರೇ ಬೇಕು.

ಆಕ್ಸಿಜನ್ ಸೆನ್ಸರ್, ಗಾಳಿ ಅಳೆಯುವ ಸೆನ್ಸರ್ ವಿಷಯದಲ್ಲಿ ನನ್ನ ಸಲಹೆ ಒಂದೇ. ಹಳೆಯದರ ಮೇಲೆ ಯಾರ ಹೆಸರಿದೆಯೋ ಅವರದೇ ತನ್ನಿ. ಹೆಸರಿಲ್ಲದ ಸೆನ್ಸರ್ ಕೆಲಸ ಮಾಡುವುದಿಲ್ಲ ಎಂದಲ್ಲ, ತಪ್ಪು ಲೆಕ್ಕ ಕೊಡುತ್ತಾ ಕೆಲಸ ಮಾಡುತ್ತದೆ. ಅದು ಇನ್ನೂ ತಲೆನೋವು.

ಬ್ರೇಕ್ ಪ್ಯಾಡ್ ಬಂದಾಗ ವಿಷಯ ಗಂಭೀರ, ಆದರೂ ಕಂಪನಿಯದೇ ಆಗಬೇಕೆಂದಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಆರ್90 ಎಂಬುದೊಂದಿದೆ. ಅದರಂತೆ ಪಾಸಾದ ಬದಲಿ ಪ್ಯಾಡ್‌ನ ಹಿಡಿತ, ಕಾರಿನ ಜೊತೆ ಬಂದ ಪ್ಯಾಡ್‌ಗಿಂತ ಶೇ 15ಕ್ಕಿಂತ ಹೆಚ್ಚು ಆಚೀಚೆ ಇರುವಂತಿಲ್ಲ. ಪ್ಯಾಡ್ ಮೇಲೆ ವೃತ್ತದೊಳಗೆ 'ಇ' ಅಕ್ಷರ ಮತ್ತು ಒಂದು ಅಂಕಿ, ಪಕ್ಕದಲ್ಲಿ 90 ಎಂದು ಶುರುವಾಗುವ ಅನುಮತಿ ಸಂಖ್ಯೆ ಇದ್ದರೆ ಅದು ಈ ಪರೀಕ್ಷೆ ದಾಟಿದ್ದು. ಗುರುತೂ ಇಲ್ಲ, ಹೆಸರೂ ಇಲ್ಲ ಎಂಬ ಪ್ಯಾಡನ್ನು ಯಾರಾದರೂ ಬಿಟ್ಟಿ ಕೊಟ್ಟರೂ ಹಾಕಿಸಬೇಡಿ.

ಇನ್ನು ಏರ್‌ಬ್ಯಾಗ್, ಸೀಟ್‌ಬೆಲ್ಟ್, ಎಬಿಎಸ್ ಘಟಕ. ಇಲ್ಲಿ ಚೌಕಾಸಿಯೇ ಬೇಡ, ಕಂಪನಿಯದೇ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2012ರಲ್ಲಿ ನಕಲಿ ಏರ್‌ಬ್ಯಾಗ್‌ಗಳನ್ನು ಪರೀಕ್ಷೆ ಮಾಡಿತ್ತು. ಕೆಲವು ಬಿಚ್ಚಿಕೊಳ್ಳಲೇ ಇಲ್ಲ. ಕೆಲವು ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳನ್ನು ಎರಚಿದವು.

ಹೆಜ್ಜೆ 4: ಆಯಿಲ್, ಕೂಲೆಂಟ್‌ನಲ್ಲಿ ಹೆಸರು ಬಿಡಿ, ಸಂಕೇತ ಓದಿ

ಕಾರು ಕಂಪನಿಗಳು ತಮ್ಮ ಹೆಸರಿನ ಎಂಜಿನ್ ಆಯಿಲನ್ನು ಸಾಮಾನ್ಯವಾಗಿ ತೈಲ ಕಂಪನಿಗಳಿಂದಲೇ ಮಾಡಿಸುತ್ತವೆ. ಹಾಗಾಗಿ ಇಲ್ಲಿ ಡಬ್ಬದ ಹೆಸರಿಗಿಂತ ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿರುವುದು ಮುಖ್ಯ. ಓನರ್ಸ್ ಮ್ಯಾನುಯಲ್ ತೆಗೆಯಿರಿ. ಎರಡು ಸಂಗತಿ ಬರೆದಿರುತ್ತದೆ. ಒಂದು ದಪ್ಪ, ಉದಾಹರಣೆಗೆ 5ಡಬ್ಲ್ಯು-30. ಮೊದಲ ಭಾಗ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು. ಕೊನೆಯ 30, ಬಿಸಿಯಾದ ಎಂಜಿನ್‌ನಲ್ಲಿ ಅದರ ದಪ್ಪ. ಇನ್ನೊಂದು ದರ್ಜೆ. ಎಪಿಐ ಎಸ್‌ಪಿ ಎಂಬುದು ಪೆಟ್ರೋಲ್ ಎಂಜಿನ್‌ಗಳಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2020ರಲ್ಲಿ ತಂದ ದರ್ಜೆ. ಮ್ಯಾನುಯಲ್ ಅದಕ್ಕಿಂತ ಹಳೆಯ ಎಸ್‌ಎನ್ ಕೇಳಿದ್ದರೆ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳಿದ ಕಡೆ ಎಸ್‌ಎನ್ ಸಲ್ಲದು. ಹೊಗೆ ಸೋಸುವ ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎಯ ಪಟ್ಟಿಯಲ್ಲಿ ಅದಕ್ಕೆ ಸಿ2, ಸಿ3 ಮುಂತಾದ ಗುರುತಿದೆ. ಬೇರೆ ಆಯಿಲ್ ಹಾಕುತ್ತಾ ಹೋದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ.

ಕೆಲವು ಕಂಪನಿಗಳು ಇದಕ್ಕೂ ಮೇಲೆ ತಮ್ಮದೇ ಸಂಕೇತ ಕೇಳುತ್ತವೆ, ಫೋಕ್ಸ್‌ವ್ಯಾಗನ್ 507 00 ಇದ್ದಂತೆ. ಆಗ ಡಬ್ಬದ ಮಾತನ್ನು ಗಮನಿಸಿ. "ಅಪ್ರೂವ್ಡ್" ಎಂದರೆ ಕಾರು ಕಂಪನಿ ನೋಡಿ ಒಪ್ಪಿದೆ. "ಸೂಟಬಲ್ ಫಾರ್" ಎಂದರೆ ಆಯಿಲ್ ಮಾರುವವನು ತಾನೇ ಹೇಳಿಕೊಂಡಿದ್ದಾನೆ, ಅಷ್ಟೇ. "ಫುಲ್ಲಿ ಸಿಂಥೆಟಿಕ್" ಎಂದು ಚಿನ್ನದ ಬಣ್ಣದಲ್ಲಿ ಬರೆದಿದ್ದರೂ ಸಂಕೇತ ಹೊಂದದಿದ್ದರೆ ಅದು ನಿಮ್ಮ ಕಾರಿನ ಆಯಿಲ್ ಅಲ್ಲ. ಇತ್ತೀಚಿನ ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆಯುತ್ತಾ ತಿರುಗುತ್ತದೆ. ತಪ್ಪು ಆಯಿಲ್ ಹಾಕಿದರೆ ಬೆಲ್ಟ್‌ನ ರಬ್ಬರ್ ಕರಗಿ, ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ಅಂಥ ಕಾರಿದ್ದವರು ಸಂಕೇತದಲ್ಲಿ ಒಂದಕ್ಷರವೂ ಬಿಡಬಾರದು.

ಬ್ರೇಕ್ ಆಯಿಲ್ ಸುಲಭ. ಮುಚ್ಚಳದ ಮೇಲೆಯೇ ಡಾಟ್ 3 ಅಥವಾ ಡಾಟ್ 4 ಎಂದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಇದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೀರಿದಂತೆ ಕುದಿಯುವ ಬಿಂದು ಇಳಿಯುತ್ತದೆ, ಡಾಟ್ 4ಕ್ಕೆ ನಿಯಮದ ಮಿತಿ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಹೋದಾಗ ಒಳಗೆ ಆವಿ ಹುಟ್ಟಿ ಪೆಡಲ್ ಸಡಿಲವಾಗುವುದು ಇದರಿಂದಲೇ. ಯಾವ ಹೆಸರಿನದಾದರೂ ನಡೆಯುತ್ತದೆ, ಸೀಲ್ ಒಡೆಯದ ಡಬ್ಬ ಇರಬೇಕು. ಗ್ಯಾರೇಜಿನ ಮೂಲೆಯಲ್ಲಿ ಅರ್ಧ ಉಳಿದಿದ್ದು ಬೇಡ. ಎರಡು ವರ್ಷಕ್ಕೊಮ್ಮೆ ಬದಲಿಸಲು ಹಲವು ಕಂಪನಿಗಳು ಹೇಳುತ್ತವೆ. ಡಾಟ್ 5 ಮಾತ್ರ ಸಿಲಿಕೋನ್‌ನದು, ಉಳಿದವುಗಳ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಹಾಗಲ್ಲ, ಅದು 3 ಮತ್ತು 4ರ ಜಾತಿಯದೇ.

ಕೂಲೆಂಟ್‌ನಲ್ಲಿ ಎಲ್ಲರೂ ಬಣ್ಣ ನೋಡುತ್ತಾರೆ. ಹಸಿರಿದ್ದರೆ ಹಸಿರು, ಗುಲಾಬಿ ಇದ್ದರೆ ಗುಲಾಬಿ. ಬಣ್ಣಕ್ಕೆ ಯಾವ ನಿಯಮವೂ ಇಲ್ಲ, ಅದು ಬರೀ ಬಣ್ಣ. ಒಳಗಿನ ರಾಸಾಯನಿಕ ನೋಡಬೇಕು. ಏಷ್ಯಾದ ಹಲವು ಕಂಪನಿಗಳು ಫಾಸ್ಫೇಟ್ ಇರುವ, ಸಿಲಿಕೇಟ್ ಇಲ್ಲದ ಕೂಲೆಂಟ್ ಕೇಳುತ್ತವೆ. ಯುರೋಪಿನವರದು ಹೆಚ್ಚಾಗಿ ಇದಕ್ಕೆ ಉಲ್ಟಾ. ಒಗ್ಗದ ಎರಡನ್ನು ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಬೇಗ ಹೋಗುತ್ತದೆ, ಕೆಲವು ಸಲ ಗಂಜಿಯಂತೆ ಗಟ್ಟಿಯಾಗುತ್ತದೆ. ಒಳಗೆ ಏನಿದೆ ಗೊತ್ತಿಲ್ಲದಿದ್ದರೆ ಪೂರ್ತಿ ತೆಗೆದು, ತೊಳೆದು, ಮ್ಯಾನುಯಲ್ ಹೇಳಿದ್ದನ್ನು ತುಂಬಿ. ಇನ್ನೊಂದು ಮಾತು. ರೆಡಿಮಿಕ್ಸ್ ಡಬ್ಬಕ್ಕೆ ನೀರು ಬೆರೆಸಬೇಡಿ. ಕಾನ್ಸಂಟ್ರೇಟ್ ಆಗಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ನಲ್ಲಿ ನೀರಲ್ಲ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಮಾತ್ರ ನಾನು ಕಂಪನಿ ಪಕ್ಷ. ಸಿವಿಟಿ ಎಂಬ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಉಕ್ಕಿನ ಬೆಲ್ಟ್ ಅಥವಾ ಚೈನ್ ಹಿಡಿತದ ಮೇಲೆಯೇ ನಡೆಯುತ್ತದೆ. ಆ ಹಿಡಿತ ಆಯಿಲ್‌ನ ಗುಣವನ್ನು ನಂಬಿಕೊಂಡಿದೆ. ನಿಸಾನ್ ಎನ್‌ಎಸ್-3, ಹೋಂಡಾ ಎಚ್‌ಸಿಎಫ್-2 ಎಂದೆಲ್ಲ ಬೇರೆ ಬೇರೆ ಹೆಸರಿರುವುದು ಸುಮ್ಮನೆ ಅಲ್ಲ. "ಎಲ್ಲ ಕಾರಿಗೂ ಆಗುತ್ತದೆ" ಎಂಬ ಡಬ್ಬದಲ್ಲಿ ಉಳಿಯುವ ಹಣ ಸಣ್ಣದು, ಗೇರ್‌ಬಾಕ್ಸ್ ದೊಡ್ಡದು. ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿದ್ದರೆ ಜಿಎಲ್-5 ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಅದರಲ್ಲಿನ ಗಂಧಕದ ರಾಸಾಯನಿಕ ಒಳಗಿನ ಹಿತ್ತಾಳೆ ಭಾಗಗಳನ್ನು ತಿನ್ನಬಹುದು.

ಎಸಿ ಗ್ಯಾಸ್ ಆರ್-134ಎ ಇರುವಲ್ಲಿ ಅದೇ, ಆರ್-1234ವೈಎಫ್ ಇರುವಲ್ಲಿ ಅದೇ. ಹೈಬ್ರಿಡ್ ಕಾರಿನ ವಿದ್ಯುತ್ ಕಂಪ್ರೆಸರ್‌ಗೆ ಸಾಮಾನ್ಯ ಎಸಿ ಆಯಿಲ್ ಹಾಕಿದರೆ ಕರೆಂಟು ಸೋರುವ ಅಪಾಯವಿದೆ, ಗ್ಯಾರೇಜಿನವರಿಗೆ ಮೊದಲೇ ನೆನಪಿಸಿ.

ಹೆಜ್ಜೆ 5: ವಾರಂಟಿ ಪುಸ್ತಕ ತೆರೆಯಿರಿ

"ಹೊರಗಿನ ಫಿಲ್ಟರ್ ಹಾಕಿದ್ರೆ ವಾರಂಟಿ ಹೋಗುತ್ತೆ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಎಲ್ಲ ಕಡೆ ನಿಜವಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯಂತೆ, ತನ್ನದೇ ಪಾರ್ಟು ಹಾಕಿದರಷ್ಟೇ ವಾರಂಟಿ ಎಂದು ಕಂಪನಿ ಸಾಮಾನ್ಯವಾಗಿ ಷರತ್ತು ಹಾಕುವಂತಿಲ್ಲ, ಆ ಪಾರ್ಟನ್ನು ಕಂಪನಿಯೇ ಬಿಟ್ಟಿ ಕೊಟ್ಟರೆ ಮಾತು ಬೇರೆ. ದೇಶಕ್ಕೊಂದು ನಿಯಮ ಇರುವುದರಿಂದ ನಿಮ್ಮ ಪುಸ್ತಕದ ಷರತ್ತು ಓದಿ. ಒಂದಂತೂ ಸರಿ. ಹೊರಗಿನ ಪಾರ್ಟಿನಿಂದಲೇ ಎಂಜಿನ್ ಹಾಳಾಗಿದೆ ಎಂದು ತೋರಿದರೆ ಆ ರಿಪೇರಿಯನ್ನು ಕಂಪನಿ ಹೊರುವುದಿಲ್ಲ. ಆದ್ದರಿಂದ ವಾರಂಟಿ ಇರುವಷ್ಟು ದಿನ ಬಿಲ್, ಆಯಿಲ್ ಡಬ್ಬದ ಸಂಕೇತದ ಫೋಟೊ, ಬದಲಿಸಿದ ಕಿಲೋಮೀಟರ್ ಮೂರೂ ಒಂದು ಕಡೆ ಇರಲಿ.

ಹೆಜ್ಜೆ 6: ನಕಲಿ ಹಿಡಿಯುವುದು

ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ. ಡಬ್ಬದ ಮೇಲಿನ ಅಕ್ಷರ ಮಸುಕಾಗಿದೆಯೇ, ಕಾಗುಣಿತ ತಪ್ಪಿದೆಯೇ, ಡಬ್ಬದ ನಂಬರೂ ಪಾರ್ಟಿನ ನಂಬರೂ ಒಂದೇ ಇವೆಯೇ ನೋಡಿ. ಹಲವು ತಯಾರಕರು ಸ್ಕ್ಯಾನ್ ಮಾಡಿ ಪರೀಕ್ಷಿಸುವ ಕೋಡ್ ಕೊಡುತ್ತಾರೆ. ಹಳೆಯ ಪಾರ್ಟಿನ ಪಕ್ಕ ಇಟ್ಟು ತೂಕ, ಅಂಚಿನ ನಯ ಹೋಲಿಸುವುದು ಇನ್ನೂ ಒಳ್ಳೆಯ ಪರೀಕ್ಷೆ. ಆಯಿಲ್ ಬದಲಿಸುವಾಗ ಸೀಲ್ ನಿಮ್ಮೆದುರೇ ಒಡೆಯಲಿ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬದ ಲೇಬಲ್ ಗೀಚಿ ಹಾಕಿಸಿ, ಅದೇ ಡಬ್ಬಕ್ಕೆ ಬೇರೇನೋ ತುಂಬಿ ಮಾರುವವರಿದ್ದಾರೆ.

ಹೆಜ್ಜೆ 7: ಹಾಕಿಸಿದ ಮೇಲೆ

ಹೊಸ ಫಿಲ್ಟರ್, ಆಯಿಲ್ ಆದ ಮೇಲೆ ಮರುದಿನ ಬೆಳಿಗ್ಗೆ ಕಾರಿನಡಿ ಬಗ್ಗಿ ನೋಡಿ, ಹನಿ ಬಿದ್ದಿದೆಯೇ ಎಂದು. ಆಯಿಲ್ ಮಟ್ಟ ಇನ್ನೊಮ್ಮೆ ಪರೀಕ್ಷಿಸಿ. ಹೊಸ ಬ್ರೇಕ್ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಡಿಸ್ಕ್‌ಗೆ ಹೊಂದಿಕೊಳ್ಳುವವರೆಗೆ ಗಕ್ಕನೆ ನಿಲ್ಲಿಸುವ ಪ್ರಸಂಗ ತಂದುಕೊಳ್ಳದೆ, ಮುಂದಿನ ವಾಹನದಿಂದ ದೂರ ಇಟ್ಟು ಓಡಿಸಿ. ತೆಗೆದ ಹಳೆಯ ಪಾರ್ಟನ್ನು ಕೇಳಿ ಪಡೆದುಕೊಳ್ಳಿ, ಬದಲಿಸಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಆಲ್ಟರ್ನೇಟರ್, ಎಸಿ ಕಂಪ್ರೆಸರ್‌ನಂಥವನ್ನು ರೀಕಂಡೀಷನ್ ಮಾಡಿದ್ದು ತೆಗೆದುಕೊಂಡರೆ ಮಾತ್ರ ಹಳೆಯದನ್ನು ಅಂಗಡಿಯವರು ವಾಪಸ್ ಕೇಳಬಹುದು. ಅದಕ್ಕೆ ಎಷ್ಟು ಕಡಿತ ಕೊಡುತ್ತಾರೆಂದು ಮೊದಲೇ ಮಾತಾಡಿಕೊಳ್ಳಿ.