ಕಲ್ಲು, ಜೋಲಿ, ರೆಕಾರ್ಡರ್: ಮಕ್ಕಳಿಗಾಗಿ ಜನಪದ ಹಾಡು ಹಿಡಿದ ಅನುಭವ

ಮಕ್ಕಳ ಜನಪದ ಗೀತೆ ಅಂತ ಫೋನಿನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಕೀಬೋರ್ಡು, ರಿದಂ ಪ್ಯಾಡು, ಅದರ ಮೇಲೊಂದು ಪಳಗಿದ ದನಿ. ಕೇಳೋಕೆ ಚೆನ್ನಾಗಿಯೇ ಇರುತ್ತೆ. ನಾನು ನಡೆಸುವ ಶಿಶುವಿಹಾರದಲ್ಲಿ ಅವನ್ನು ಹಾಕಿದರೆ ಮಕ್ಕಳು ಕುಣಿಯುತ್ತಾರೆ, ಆದರೆ ಹಾಡುವುದಿಲ್ಲ. ಸಾಲು ಸಾಲಿನ ನಡುವೆಯೂ ವಾದ್ಯ ತುಂಬಿರುವಾಗ ಮಗು ಬಾಯಿ ಹಾಕುವುದಾದರೂ ಎಲ್ಲಿ? ಇತ್ತ ತಾಯಂದಿರು, "ಮನೇಲಿ ಹೇಳಿಕೊಡೋಣ ಅಂದ್ರೆ ನಮಗೇ ಬರಲ್ಲ ಮಿಸ್, ಏನಾದ್ರೂ ಕಳಿಸಿ" ಅನ್ನುತ್ತಿದ್ದರು. ಹಾಗೆ ಶುರುವಾಗಿದ್ದು ಹಳ್ಳಿಯವರ ಬಾಯಿಂದಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವ ಈ ಕೆಲಸ. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆ ಇದ್ದಾರೆ. ಅವರ ಮನೆ, ಅಕ್ಕಪಕ್ಕದ ನಾಲ್ಕು ಮನೆ, ಇಷ್ಟೇ ನನ್ನ ಸ್ಟುಡಿಯೋ.

ಪುಸ್ತಕಗಳಿಗೇನೂ ಬರವಿಲ್ಲ. ವಿಜಯಪುರ ಸೀಮೆಯ ಹಲಸಂಗಿಯ ಗೆಳೆಯರ ಗುಂಪು ಹೆಂಗಸರ ಹಾಡುಗಳನ್ನು ಕೂಡಿಸಿ 'ಗರತಿಯ ಹಾಡು' ಅಚ್ಚು ಹಾಕಿಸಿದ್ದು 1931ರಲ್ಲಿ. ಆಮೇಲೆ ಎಷ್ಟೋ ಸೀಮೆಯ ಪದಗಳು, ಅಂದರೆ ಜನಪದ ಹಾಡುಗಳು, ಪುಸ್ತಕವಾಗಿವೆ. ಅಲ್ಲಿ ಮಾತು ಸಿಗುತ್ತದೆ, ಮಟ್ಟು ಸಿಗುವುದಿಲ್ಲ. ಅಚ್ಚಿನಲ್ಲಿ ಮೂರು ಸಾಲಿರುವ ತ್ರಿಪದಿ ಹಾಡುವಾಗ ಎರಡನೇ ಸಾಲಿನ ಮಾತು ಮರಳಿ ಬಂದು ನಾಲ್ಕಾಗುತ್ತದೆ. ಎಲ್ಲಿ ಮರಳಬೇಕು, ಎಲ್ಲಿ ಎಳೆಯಬೇಕು ಅನ್ನುವುದನ್ನು ಹಾಡುವವರ ಬಾಯಿಂದಲೇ ಕೇಳಬೇಕು.

"ಒಂದು ಹಾಡು ಹೇಳಿ" ಅಂತ ಕೇಳಿದರೆ ಮಾತ್ರ ಕೆಲಸ ಕೆಟ್ಟ ಹಾಗೆ. ಹೆಂಗಸರು ಸೆರಗು ಸರಿಮಾಡಿಕೊಂಡು ಸಂಘದ ಮೀಟಿಂಗಿನ ಪ್ರಾರ್ಥನೆಯನ್ನೋ ಟಿವಿಯಲ್ಲಿ ಕೇಳಿದ ಭಕ್ತಿಗೀತೆಯನ್ನೋ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಹಾಡು ಅಂದರೆ ಅದು. ಹಾಗಾಗಿ ನಾನು ಹಾಡಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮಗೂಗೆ ನೀರು ಹಾಕುವಾಗ ಏನಂತಿದ್ರಿ, ಊಟ ಮಾಡದೆ ಹಟ ಹಿಡಿದರೆ ಹೇಗೆ ಪುಸಲಾಯಿಸ್ತಿದ್ರಿ, ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು ತೂಗುವಾಗ ಬಾಯಲ್ಲಿ ಏನು ಬರ್ತಿತ್ತು ಅಂತ ಕೇಳುತ್ತಿದ್ದೆ. ಆಗ ಪದಗಳು ತಾವಾಗಿ ಹೊರಗೆ ಬರುತ್ತಿದ್ದವು.

ಬೀಸೋ ಪದದ ವಿಷಯಕ್ಕೆ ಬಂದಾಗ ಅದೂ ಸಾಲಲಿಲ್ಲ. ಊರೆಲ್ಲ ದೊಡ್ಡವ್ವ ಅಂತ ಕರೆಯುವ ಹಿರಿಯರೊಬ್ಬರು ಎರಡು ಸಾಲು ಹೇಳಿ ನಿಂತುಬಿಟ್ಟರು. "ಕಲ್ಲಿಲ್ದೆ ಪದ ಎಲ್ಲಿಂದ ಬತ್ತೈತವ್ವಾ?" ಅಂದರು. ಬೀಸುವ ಕಲ್ಲು ಹಿತ್ತಲಲ್ಲಿತ್ತು. ಅದರ ಮೇಲಿನ ಹೋಳು ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿತ್ತು. ತಂದು ತೊಳೆದು, ಹೊಸ ಗೂಟ ಬಡಿದು, ಒಂದು ಮೊರ ರಾಗಿ ಪಕ್ಕಕ್ಕಿಟ್ಟುಕೊಂಡು ದೊಡ್ಡವ್ವ ಮತ್ತು ನಮ್ಮತ್ತೆ ಎದುರುಬದುರು ಕೂತರು. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಕಲ್ಲು ತಿರುಗಿದ್ದೇ ತಡ, ಮರೆತಿದ್ದೆ ಅಂದಿದ್ದ ಪದ ಸರಾಗವಾಗಿ ಬಂತು. ಹತ್ತಿರದಿಂದ ನೋಡಿದಾಗಲೇ ನನಗೆ ಗೊತ್ತಾದದ್ದು: ಕಾಳು ತುಂಬಿದ್ದಾಗ ಕಲ್ಲು ಭಾರ, ಹಾಡು ನಿಧಾನ. ಕಾಳು ನುರಿಯುತ್ತಾ ಬಂದಂತೆ ಕಲ್ಲು ಹಗುರಾಗಿ ಹಾಡಿನ ಓಟ ಏರುತ್ತದೆ. ಇನ್ನೊಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕುವಷ್ಟು ಹೊತ್ತು ಸಾಲಿನ ಕೊನೆಯ ಅಕ್ಷರವನ್ನು ಎಳೆದು ಹಿಡಿಯುತ್ತಾರೆ. ಆ ಎಳೆತವನ್ನು ರಾಗದ ಅಲಂಕಾರ ಅಂತ ಇಷ್ಟು ದಿನ ತಿಳಿದಿದ್ದೆ!

ಜೋಗುಳವೂ ಹೀಗೆಯೇ. ತೊಲೆಗೆ ಹಗ್ಗ ಬಿಗಿದು ಸೀರೆಯ ಜೋಲಿ ಕಟ್ಟುತ್ತಾರಲ್ಲ, ಹಗ್ಗ ಎಷ್ಟು ಉದ್ದವೋ ತೂಗಾಟ ಅಷ್ಟು ನಿಧಾನ. ತೊಲೆಯಿಂದ ಕೂಸಿನವರೆಗೆ ಎರಡು ಮೀಟರ್ ಇದ್ದರೆ ಜೋಲಿ ಒಮ್ಮೆ ಹೋಗಿ ಬರಲು 3 ಸೆಕೆಂಡಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಮೀಟರ್ ಒಂದೇ ಆದರೆ ಎರಡೇ ಸೆಕೆಂಡು. "ಜೋ" ಅನ್ನುವ ಅಕ್ಷರ ಕೈ ತಳ್ಳುವ ಗಳಿಗೆಗೇ ಬೀಳುತ್ತದೆ. ಅಂದರೆ ಹಾಡಿನ ಕಾಲವನ್ನು ಗೊತ್ತುಮಾಡುವುದು ಹಗ್ಗ. ಬೆಂಗಳೂರಿನ ಫ್ಲಾಟುಗಳಲ್ಲಿ ಮೇಲೆ ಕೆಳಗೆ ಕುಪ್ಪಳಿಸುವ ಸ್ಪ್ರಿಂಗ್ ತೊಟ್ಟಿಲಿಗೆ ಈ ಹಾಡು ಹೊಂದದಿದ್ದರೆ ಆಶ್ಚರ್ಯವೇನು? ದನಿ ಮುದ್ರಿಸುವಾಗ ಜೋಲಿಯೊಳಗೆ ಕೂಸು ಇರಲಿಲ್ಲ. ದಿಂಬೊಂದನ್ನು ಮಲಗಿಸಿ ತೂಗಿದೆವು. ಹಗ್ಗದ ಕಿರುಗುಟ್ಟುವಿಕೆಯನ್ನು ಹಾಗೆಯೇ ಉಳಿಸಿದ್ದೇನೆ.

ಸಲಕರಣೆ ಹೆಚ್ಚೇನಿಲ್ಲ. ಅಂಗೈಯಲ್ಲಿ ಹಿಡಿಯುವ ರೆಕಾರ್ಡರ್, ಗಾಳಿಗೆ ತುಪ್ಪಳದ ಕವಚ, 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ದನಿ ಏರಿದಾಗಲೂ ದನಿಯ ಮಟ್ಟ ತೋರಿಸುವ ಮೀಟರು ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳುತ್ತಿದ್ದೆ. ಬೀಸುವಾಗ ನೆಲದ ಅದುರು ಮೈಕಿಗೆ ಹತ್ತುತ್ತದೆ. ಸ್ಟ್ಯಾಂಡಿನ ಕೆಳಗೆ ಕಂಬಳಿಯ ನಾಲ್ಕು ಮಡಿಕೆ ಹಾಕಿದರೆ ಸಾಕು. ಫ್ರಿಜ್ಜಿನ ಪ್ಲಗ್ ಕಿತ್ತು, ಸ್ಕೂಟರಿನ ಕೀಲಿಯನ್ನು ಅದರೊಳಗೇ ಇಡುತ್ತಿದ್ದೆ. ಹೊರಡುವಾಗ ಮತ್ತೆ ಪ್ಲಗ್ ಹಾಕುವುದನ್ನು ಮರೆಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಾಟ ಪಂಪ್‌ಸೆಟ್ಟಿನದು. ತ್ರೀ ಫೇಸ್ ಕರೆಂಟು ಬಂತೆಂದರೆ ಸುತ್ತಲಿನ ತೋಟಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತವೆ. ಕರೆಂಟಿನ ಪಾಳಿ ಕೇಳಿಕೊಂಡೇ ಊರಿಗೆ ಹೊರಡುವ ದಿನ ಗೊತ್ತು ಮಾಡುತ್ತಿದ್ದೆ.

ಮಕ್ಕಳಿಗೆ ಒಗ್ಗಿಸುವ ಕೆಲಸ ಆಮೇಲಿನದು. ಮೂರು ನಾಲ್ಕು ವರ್ಷದ ಮಕ್ಕಳ ಗಂಟಲಿಗೆ ಆರಾಮಾಗಿ ದಕ್ಕುವುದು ಐದಾರು ಸ್ವರ. ಶಿಶುಪ್ರಾಸಗಳು ಹೆಚ್ಚಾಗಿ ಅದರೊಳಗೇ ಓಡಾಡುತ್ತವೆ, ಅದು ಸರಿ. ಆದರೆ ವಯಸ್ಸಾದವರ ದನಿ ಕೆಳಗಿರುತ್ತದೆ, ಮಕ್ಕಳು ಅಲ್ಲಿಗೆ ಇಳಿಯಲಾರರು. ಕಂಪ್ಯೂಟರಿನಲ್ಲಿ ಶ್ರುತಿ ಏರಿಸಿದರೆ ಅಜ್ಜಿ ಕಾರ್ಟೂನಿನ ಇಲಿಯಾಗುತ್ತಾರೆ. ಅದಕ್ಕೆ ಒಂದೊಂದು ಪ್ರಾಸವನ್ನೂ ಮೊದಲು ಅಜ್ಜಿಯಿಂದ, ಆಮೇಲೆ ಅದೇ ಮನೆಯ ಮೊಮ್ಮಗಳಿಂದ ಅವಳದೇ ಶ್ರುತಿಯಲ್ಲಿ ಹೇಳಿಸಿದೆ. ನಮ್ಮ ಕಡೆ ಒಬ್ಬರು ಪದ ಎತ್ತಿದರೆ ಉಳಿದವರು ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಸಾಲು, ಹಿಡಿಯುತ್ತಾರೆ. ಮೊದಲ ಸಲ ಸೊಲ್ಲನ್ನು ಪೂರ್ತಿ ಕೇಳಿಸಿ, ಎರಡನೇ ಸಲದಿಂದ ಆ ಜಾಗವನ್ನು ಖಾಲಿ ಬಿಟ್ಟೆ. ಖಾಲಿ ಅಂದರೆ ಪೂರಾ ನಿಶ್ಶಬ್ದವಲ್ಲ, ಕೋಣೆಯ ಸದ್ದು ಹಾಗೇ ಇರುತ್ತದೆ. ಆ ಖಾಲಿ ಜಾಗವೇ ಮಕ್ಕಳನ್ನು ಎಳೆಯಿತು. ಒಂದು ಮಗು ಸೊಲ್ಲು ಕೂಗಿದರೆ ಇಡೀ ತರಗತಿ ಕೂಗುತ್ತದೆ.

ಎಲ್ಲವನ್ನೂ ಸೇರಿಸಲಿಲ್ಲ. ಜಾತಿ ಹೆಸರು ಹಿಡಿದು ಅಣಕಿಸುವ ಆಟದ ಪದಗಳಿದ್ದವು. ಅವು ಮೂಲ ಧ್ವನಿಮುದ್ರಣದಲ್ಲಿವೆ, ಮಕ್ಕಳ ಕಂತೆಯಲ್ಲಿಲ್ಲ. ಗುಮ್ಮನನ್ನು ಬಿಡಲಿಲ್ಲ, ಸ್ವಲ್ಪ ಹೆದರಿ ಆಮೇಲೆ ನಗುವುದು ಮಕ್ಕಳಿಗೆ ಬೇಕು. ಇನ್ನು ಜೋಗುಳಗಳಲ್ಲಿ ತಾಯಿ ಕೂಸಿಗೆ ಹೇಳುವ ನೆವದಲ್ಲಿ ತವರಿನ ನೆನಪು, ಅತ್ತೆಯ ಮಾತು ಎಲ್ಲವನ್ನೂ ತೋಡಿಕೊಳ್ಳುತ್ತಾಳೆ. ತಂದೆಯೊಬ್ಬರು "ಇದು ತುಂಬಾ ನೆಗೆಟಿವ್ ಅಲ್ವಾ ಮೇಡಂ" ಅಂದರು. ನಾನು ತೆಗೆಯಲಿಲ್ಲ. ಆ ಸಾಲುಗಳು ಕೂಸಿಗಾಗಿ ಹುಟ್ಟಿದವಲ್ಲ, ತೂಗುವವಳಿಗಾಗಿ ಹುಟ್ಟಿದವು. ಅವಳೂ ಈ ಹಾಡು ಕೇಳುವವಳೇ.

ಹಣ, ಹಕ್ಕಿನ ಮಾತನ್ನು ಮೊದಲೇ ಆಡಿಕೊಳ್ಳಬೇಕು. ಪದ ಯಾರ ಸ್ವತ್ತೂ ಅಲ್ಲ, ಆದರೆ ಹಾಡಿದ ದನಿಗೆ ಹಕ್ಕಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಮು ಪ್ರದರ್ಶಕರಿಗೆ 50 ವರ್ಷದ ಹಕ್ಕು ಕೊಡುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ವಾಣಿಜ್ಯ ಬಳಕೆಯಾದರೆ ರಾಯಲ್ಟಿಯೂ ಸಲ್ಲಬೇಕು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನಗೆ ಸರಿಬರಲಿಲ್ಲ. ಯಾರಿಗೆ ಕೇಳಿಸುತ್ತೇನೆ, ಎಲ್ಲೆಲ್ಲಿ ಹಾಕುತ್ತೇನೆ, ಬೇಡ ಅಂದರೆ ಯಾವಾಗ ಬೇಕಾದರೂ ತೆಗೆಯುತ್ತೇನೆ ಅಂತ ಅವರ ಮಾತಿನಲ್ಲೇ ಹೇಳಿ, ಅವರ ಒಪ್ಪಿಗೆಯನ್ನೂ ಅದೇ ಫೈಲಿನ ಮೊದಲಲ್ಲಿ ಮುದ್ರಿಸಿಕೊಂಡೆ. ಒಂದು ದಿನ ಕೂತರೆ ಒಂದು ದಿನದ ಕೂಲಿಗಿಂತ ಕಡಿಮೆ ಕೊಡಬಾರದು ಅನ್ನುವುದು ನನ್ನ ಲೆಕ್ಕ. ಕೈಗೆ ದುಡ್ಡು ಕೊಟ್ಟರೆ "ಪದಕ್ಕೂ ಕಾಸಾ" ಅಂತ ಮುನಿಸಿಕೊಂಡವರಿದ್ದಾರೆ. ಅಂಥವರಿಗೆ ಎಲೆ ಅಡಿಕೆ, ಕುಪ್ಪಸದ ಕಣದ ಜೊತೆಗೆ ಇಟ್ಟು ಕೊಟ್ಟೆ, ಆಗ ತಕೊಂಡರು.

ಕಂತೆ ಕಟ್ಟುವಾಗ ಹಾಡಿನ ಹೆಸರಿನಿಂದ ಜೋಡಿಸಲಿಲ್ಲ. ನೀರಿಗೆ, ಊಟಕ್ಕೆ, ಆಟಕ್ಕೆ, ನಿದ್ದೆಗೆ ಅಂತ ನಾಲ್ಕು ಫೋಲ್ಡರ್. ನಿದ್ದೆಯದರಲ್ಲಿ ಒಂದೇ ಜೋಗುಳ ಇಪ್ಪತ್ತು ನಿಮಿಷ ಓಡುತ್ತದೆ, ಯಾಕೆಂದರೆ ಕೂಸು ಮೂರು ನಿಮಿಷಕ್ಕೆ ಮಲಗುವುದಿಲ್ಲ. ಪೋಷಕರ ವಾಟ್ಸಾಪ್ ಗುಂಪಿಗೆ ಆಡಿಯೋ ಆಗಿ ಹಾಕುವ ಬದಲು ಡಾಕ್ಯುಮೆಂಟ್ ಆಗಿ ಕಳಿಸಿದೆ, ಫೈಲು ಇದ್ದಂತೆಯೇ ಮುಟ್ಟುತ್ತದೆ. ಕಾರಿನಲ್ಲಿ ಕೇಳುವವರಿಗೆ ಪೆನ್ ಡ್ರೈವ್. ಈಗ ಕೆಲವರು ತಮ್ಮ ಮನೆಯ ಅಜ್ಜಿಯರ ಪದಗಳನ್ನು ತಿರುಗಿ ನನಗೆ ಕಳಿಸುತ್ತಿದ್ದಾರೆ. ತುಳುವಿನದೊಂದು ಬಂದಿದೆ, ತೆಲುಗಿನವು ಎರಡು. ಹಿಂದೆ ಮಿಕ್ಸಿಯ ಸದ್ದಿದ್ದರೂ ಇಟ್ಟುಕೊಂಡಿದ್ದೇನೆ.

ಕುಟ್ಟೋ ಪದ ಇನ್ನೂ ಬಾಕಿ. ಒರಳು ಸಿಕ್ಕಿದೆ, ಒನಕೆ ಸಿಕ್ಕಿದೆ. ಹದ ತಪ್ಪದೆ ಒಂದೇ ಒರಳಿಗೆ ಎರಡು ಒನಕೆ ಹಾಕಬಲ್ಲವರಲ್ಲಿ ಒಬ್ಬರಿಗೆ ಭುಜದ ನೋವು. ಅವರ ಸೊಸೆ ಸದ್ಯಕ್ಕೆ ಖಾಲಿ ಒರಳಿನಲ್ಲಿ ಕಲಿಯುತ್ತಿದ್ದಾಳೆ.